ಜೀವನಾಂಶದ ಅರ್ಜಿಗೆ ಮಗ್ಗದ ಲೆಕ್ಕ ಬರಬೇಕು

ಬಾಗಲಕೋಟೆಯಲ್ಲಾಗಲಿ ಬಾದಾಮಿಯಲ್ಲಾಗಲಿ, ಹೊಸ ವಕೀಲರಿಗೆ ಕೌಟುಂಬಿಕ ಪ್ರಕರಣಗಳ ತರಬೇತಿ ಕೊಡೋಣ ಎಂದಾಗ ನಮಗೆ ಹೊಳೆಯುವುದು ಒಂದು ದಿನದ ಕಾರ್ಯಾಗಾರ. ದೀಪ, ಶಾಲು, ಕಲಂಗಳ ಪಠಣ, ಊಟ. ಮರುದಿನ ಅವರು ಹಳೆಯ ಅರ್ಜಿಯೊಂದನ್ನು ತೆಗೆದು ಹೆಸರಷ್ಟೇ ಬದಲಿಸುತ್ತಾರೆ. ಗಂಡನ ತಿಂಗಳ ಆದಾಯ 50,000 ಎಂಬ ಸಾಲು ಹಾಗೇ ಉಳಿಯುತ್ತದೆ.

ಇಳಕಲ್ಲಿನ ಕೂಲಿ ನೇಕಾರನಿಗೆ ಪಗಾರದ ಚೀಟಿ ಎಲ್ಲಿಂದ ಬರಬೇಕು? ಮಾಲೀಕ ನೂಲು ಕೊಡುತ್ತಾನೆ, ಸೀರೆಯ ಲೆಕ್ಕದಲ್ಲಿ ಕೂಲಿ ಕೊಡುತ್ತಾನೆ. ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆಯೂ ಆ ಕೂಲಿಯಲ್ಲೇ ಕರಗಿರುತ್ತದೆ. ವಾರಕ್ಕೆಷ್ಟು ಸೀರೆ ಇಳಿಯುತ್ತಿತ್ತು, ದುಡ್ಡು ಯಾರ ಕೈಗೆ ಬರುತ್ತಿತ್ತು, ಮಾಲೀಕನ ವಹಿಯಲ್ಲಿ ಯಾರ ಹೆಸರಿದೆ? ಇಷ್ಟನ್ನು ಅವಳಿಂದ ಕೇಳಿ ತಿಳಿಯದ ವಕೀಲರು, ಗಂಡ 'ನನಗೆ ಕೆಲಸವೇ ಇಲ್ಲ' ಎಂದಾಗ ಪಾಟಿಸವಾಲಿನಲ್ಲಿ ಕೇಳುವುದಾದರೂ ಏನನ್ನು? ಹುನಗುಂದದ ಒಕ್ಕಲುತನದ ಮನೆಯಾದರೆ ಪ್ರಶ್ನೆಗಳೇ ಬೇರೆ.

ಸುಪ್ರೀಂ ಕೋರ್ಟಿಗೆ ಈ ವ್ಯತ್ಯಾಸ ತಿಳಿದಿದೆ. 2020ರ ನವೆಂಬರ್ 4ರ ರಜನೀಶ್–ನೇಹಾ ತೀರ್ಪಿನಲ್ಲಿ ಆಸ್ತಿ-ಸಾಲದ ಪ್ರಮಾಣಪತ್ರಕ್ಕೆ ಕೃಷಿಕರಿಗೆಂದೇ ಪ್ರತ್ಯೇಕ ನಮೂನೆಯಿದೆ. ದಿನಗೂಲಿಗಳಿಗೆ, ಬಡತನ ರೇಖೆಯ ಕೆಳಗಿನವರಿಗೆ ಆ ಪ್ರಮಾಣಪತ್ರವೇ ಬೇಡ. ಜೀವನಾಂಶ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಹಾಗಿದ್ದಮೇಲೆ, ಅರ್ಜಿ ಹಾಕದೆ 'ದಾಖಲೆ ತಗೊಂಡು ಬಾರಮ್ಮ' ಎಂದು ಅಲೆಸಿದ ಒಂದೊಂದು ವಾರವೂ ಅವಳ ಅನ್ನದಿಂದಲೇ ಕಡಿತ. ಇದನ್ನು ಯಾವ ಕಾರ್ಯಾಗಾರದಲ್ಲಿ ಹೇಳುತ್ತೇವೆ?

ವಕೀಲರ ಸಂಘಗಳು ಶಾಲಿನ ಖರ್ಚು ಉಳಿಸಲಿ. ಹೊಸಬರು ಆರು ತಿಂಗಳು ಹಿರಿಯರ ಪಕ್ಕ ಕೂತು, ಕಕ್ಷಿದಾರಳ ಮಾತನ್ನು ಅವಳ ಕನ್ನಡದಲ್ಲೇ ಬರೆದುಕೊಳ್ಳಲಿ. ಆ ಆರು ತಿಂಗಳು ಹಿರಿಯರು ಅವರಿಗೆ ಪಗಾರ ಕೊಡಲಿ. ಜೀವನಾಂಶದ ಬಗ್ಗೆ ವಾದಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕೆ?