ಒಂದೇ ದಿನದ ರಣಜಿ ಮತ್ತು ಸೋತವರ ಎರಡನೇ ಮ್ಯಾಚು

ಕರ್ನಾಟಕದ ರಣಜಿ ಇತಿಹಾಸ ಎಲ್ಲಿಂದ ಶುರುವಾಯ್ತು ಅಂತ ಯಾರನ್ನಾದ್ರೂ ಕೇಳಿ ನೋಡಿ. ಹತ್ತರಲ್ಲಿ ಒಂಬತ್ತು ಜನ "1974, ಪ್ರಸನ್ನ, ಚಂದ್ರ, ವಿಶಿ" ಅಂತಾರೆ. ಸುಳ್ಳಲ್ಲ, ಮೊದಲ ಸಲ ಕಪ್ ಬಂದಿದ್ದು ಆಗಲೇ. ಆದರೆ ನಮ್ಮವರು ರಣಜಿ ಆಡೋಕೆ ಶುರು ಮಾಡಿ ಅಷ್ಟರಲ್ಲಿ ನಲವತ್ತು ವರ್ಷ ಆಗಿತ್ತು. ಅಷ್ಟೇ ಅಲ್ಲ, ರಣಜಿ ಟ್ರೋಫಿಯ ಮೊಟ್ಟಮೊದಲ ಚೆಂಡನ್ನ ಎದುರಿಸಿದ್ದೇ ನಮ್ಮ ಮೈಸೂರು ತಂಡ!

ಅದು 1934ರ ನವೆಂಬರ್ 4, ಭಾನುವಾರ. ಜಾಗ ಮದ್ರಾಸಿನ ಚೆಪಾಕ್. ಮದ್ರಾಸಿನ ಎಂ. ಜೆ. ಗೋಪಾಲನ್ ಚೆಂಡು ಹಾಕಿದ್ರು, ಮೈಸೂರಿನ ಎನ್. ಕರ್ಟಿಸ್ ಆಡಿದ್ರು. ಮುಂದಿನ ಕಥೆ ಹೇಳೋಕೆ ಜಾಸ್ತಿ ಹೊತ್ತು ಬೇಡ. ಮೈಸೂರು 48ಕ್ಕೆ ಆಲೌಟ್. ಮದ್ರಾಸು 130. ಮತ್ತೆ ಮೈಸೂರು 59ಕ್ಕೆ ಆಲೌಟ್. ಇನ್ನಿಂಗ್ಸ್ ಮತ್ತು 23 ರನ್ನಿನ ಸೋಲು. ಎ. ಜಿ. ರಾಮ್ ಸಿಂಗ್ ಎರಡೂ ಇನ್ನಿಂಗ್ಸ್ ಸೇರಿ 35 ರನ್ನಿಗೆ 11 ವಿಕೆಟ್ ಕಿತ್ತರು. ಇಷ್ಟೂ ಒಂದೇ ದಿನದಲ್ಲಿ! ರಣಜಿಯಲ್ಲಿ ಒಂದೇ ದಿನಕ್ಕೆ ಮುಗಿದ ಪಂದ್ಯ ಅಂದ್ರೆ ಇವತ್ತಿಗೂ ಇದರ ಹೆಸರನ್ನೇ ಹೇಳ್ತಾರೆ.

ಸರಿ, ಸೋಲು ಯಾರಿಗಿಲ್ಲ? ನನ್ನ ತಕರಾರು ಸೋಲಿನ ಬಗ್ಗೆ ಅಲ್ಲ. ಆಗಿನ ರಣಜಿ ಪೂರ್ತಿ ನಾಕ್ ಔಟ್. ಪಟಿಯಾಲದ ಮಹಾರಾಜರು ಕೊಟ್ಟ ಕಪ್ಪಿಗೆ ಹದಿನೈದು ತಂಡಗಳು. ವಲಯದೊಳಗೆ ಹೊಡೆದಾಡಿ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. 1935ರ ಮಾರ್ಚಿನಲ್ಲಿ ಮುಂಬಯಿ ತಂಡ ಫೈನಲ್ಲಿನಲ್ಲಿ ನಾರ್ದರ್ನ್ ಇಂಡಿಯಾವನ್ನ ಸೋಲಿಸಿ ಕಪ್ ಎತ್ತುವ ಹೊತ್ತಿಗೆ ಮೈಸೂರಿನವರ ಸೀಸನ್ ಮುಗಿದು ನಾಲ್ಕು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಶುರು, ಅದೇ ಸಂಜೆ ಮುಕ್ತಾಯ. ಮುಂದಿನ ವರ್ಷದ ತನಕ ಕಾಯಬೇಕು. ಆ ಹನ್ನೊಂದು ಜನರಲ್ಲಿ ಯಾರು ಒಳ್ಳೆ ಆಟಗಾರ, ಯಾರು ಅಲ್ಲ ಅಂತ ಒಂದು ದಿನದಲ್ಲಿ ಹೇಗೆ ಗೊತ್ತಾಗಬೇಕು ಹೇಳಿ?

ಅದೇ ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಇಂಗ್ಲೆಂಡಿನ ಉತ್ತರ ಭಾಗದಲ್ಲೂ ಇಂಥ ಕಪ್ಪುಗಳಿದ್ದವು. ರಗ್ಬಿ ಲೀಗ್ ಆಟದ ಲ್ಯಾಂಕಶೈರ್ ಕಪ್, ಯಾರ್ಕ್‌ಶೈರ್ ಕಪ್. ಎರಡೂ 1905ರಲ್ಲಿ ಶುರುವಾಗಿದ್ದು, ಎರಡೂ ನಾಕ್ ಔಟ್. ಆಡ್ತಿದ್ದ ಊರುಗಳು ವಿಗನ್, ಓಲ್ಡಮ್ ಥರದವು. ಹತ್ತಿ ಗಿರಣಿ, ಕಲ್ಲಿದ್ದಲು ಗಣಿಗಳ ಊರುಗಳು, ಅಂದ್ರೆ ನಮ್ಮ ಭದ್ರಾವತಿಯ ದೂರದ ನೆಂಟರು ಅನ್ನಿ :) ಅವರಿಗೂ ಸೋತರೆ ಕಪ್ಪಿನಿಂದ ಹೊರಗೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇತ್ತು. ಕಪ್ಪಿನ ಪಕ್ಕದಲ್ಲೇ ಲೀಗ್ ಕೂಡ ನಡೀತಿತ್ತು. ಕಪ್ಪಿನಲ್ಲಿ ಸೋತ ಹುಡುಗ ಮುಂದಿನ ವಾರ ಲೀಗ್ ಮ್ಯಾಚಿಗೆ ಬೂಟು ಕಟ್ಟುತ್ತಿದ್ದ. ಅವರಿಗೆ ನಾಕ್ ಔಟ್ ಅನ್ನೋದು ಉಪ್ಪಿನಕಾಯಿ. ಮೈಸೂರಿನವರಿಗೆ ಅದೇ ಊಟ.

ನಮ್ಮ ದೇಶದಲ್ಲಿ ಇದು ಸರಿಹೋಗಿದ್ದು 1957-58ರಲ್ಲಿ. ರಣಜಿಯಲ್ಲಿ ವಲಯ ಮಟ್ಟದ ಪಂದ್ಯಗಳನ್ನ ಲೀಗ್ ಮಾಡಿದ್ರು. ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸು, ಹೈದರಾಬಾದು, ಆಂಧ್ರ, ಕೇರಳ, ಒಟ್ಟು ಐದು ತಂಡ. ಅಂದ್ರೆ ಎಷ್ಟೇ ಕೆಟ್ಟದಾಗಿ ಆಡಿದರೂ ಒಬ್ಬೊಬ್ಬರಿಗೂ ನಾಲ್ಕು ಮ್ಯಾಚು ಖಾಯಂ. ಹತ್ತು ವರ್ಷ ಕಳೆದ ಮೇಲೆ, 1967-68ರಲ್ಲಿ, ಇಂಥದೇ ಒಂದು ಲೀಗ್ ಪಂದ್ಯಕ್ಕೆ ವಿಜಯವಾಡದಲ್ಲಿ ಆಂಧ್ರದ ಎದುರು ಒಬ್ಬ ಕುಳ್ಳ ಹುಡುಗನನ್ನ ಇಳಿಸಿದ್ರು. ಮೊದಲ ರಣಜಿ ಪಂದ್ಯದಲ್ಲೇ 230 ಹೊಡೆದ. ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥ್.

ವಿಶ್ವನಾಥ್ ಹೆಸರು ಎತ್ತಿದ್ದು ಊರಿನ ಅಭಿಮಾನಕ್ಕಷ್ಟೇ ಅಲ್ಲ (ಅದೂ ಇದೆ, ಇಲ್ಲ ಅನ್ನಲ್ಲ). 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ಅವರ ಮೊದಲ ಟೆಸ್ಟ್. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಟೆಸ್ಟ್ ಕ್ರಿಕೆಟ್ಟಿಗೆ ಎರಡನೇ ಇನ್ನಿಂಗ್ಸ್ ಅನ್ನೋದೊಂದು ಇಲ್ಲದೇ ಹೋಗಿದ್ರೆ ಆ ಪಂದ್ಯದಲ್ಲಿ ನಮ್ಮೂರಿನ ಹುಡುಗನ ಹೆಸರಿನ ಮುಂದೆ ಉಳಿಯುತ್ತಿದ್ದದ್ದು ಬರೀ ಸೊನ್ನೆ. ಪ್ರತಿಭೆ ಇದ್ದವನಿಗೂ ಎರಡನೇ ಅವಕಾಶ ಬೇಕಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗಂತೂ ಸಿಕ್ಕಿಲ್ಲ.

ಈಗ ನಮ್ಮ ಮೈದಾನಗಳಿಗೆ ಬನ್ನಿ. ಶಿವಮೊಗ್ಗ, ಭದ್ರಾವತಿ, ಸುತ್ತಲಿನ ಹಳ್ಳಿಗಳು, ಎಲ್ಲಿ ನೋಡಿದರೂ ಬೇಸಿಗೆಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಫ್ಲೆಕ್ಸ್, ಮೈಕು, ಕಾಮೆಂಟ್ರಿ, ಎರಡಡಿ ಎತ್ತರದ ಕಪ್ಪು, ನಗದು ಬಹುಮಾನ. ನಾನು ನೋಡಿದ್ದರಲ್ಲಿ ಹೆಚ್ಚಿನವು ನಾಕ್ ಔಟ್. ನಾನೂ ಇಂಜಿನಿಯರಿಂಗ್ ಓದುವಾಗ ಒಂದಷ್ಟು ಆಡಿದ್ದೀನಿ. ಎಂಟ್ರಿ ಫೀಸಿಗೆ ಹನ್ನೊಂದು ಜನ ದುಡ್ಡು ಹಾಕಿ, ಎರಡು ಬಸ್ ಬದಲಿಸಿ ಹೋಗಿ, ಮಧ್ಯಾಹ್ನದ ತನಕ ನಂಬರಿಗೆ ಕಾದು, ಎಂಟು ಓವರಿನ ಮ್ಯಾಚಿನಲ್ಲಿ ಸೋತು, ಮತ್ತೆ ಎರಡು ಬಸ್ ಬದಲಿಸಿ ವಾಪಸ್ಸು. ಏಳನೇ ನಂಬರಿನವನಿಗೆ ಬ್ಯಾಟು ಮುಟ್ಟೋಕೂ ಸಿಗಲ್ಲ. ಅವನ ಪಾಲಿನ ದುಡ್ಡು ಮಾತ್ರ ಒಂದನೇ ನಂಬರಿನವನಷ್ಟೇ!

ವೃತ್ತಿದೋಷ, ಲೆಕ್ಕ ಹಾಕದೇ ಇರೋಕಾಗಲ್ಲ. 16 ತಂಡದ ನಾಕ್ ಔಟ್ ಅಂದ್ರೆ ಒಟ್ಟು 15 ಮ್ಯಾಚು. ಪ್ರತಿ ಮ್ಯಾಚು ಒಂದು ತಂಡವನ್ನ ಮನೆಗೆ ಕಳಿಸುತ್ತೆ, ಒಂದು ತಂಡ ಉಳಿಯಬೇಕು, ಹಾಗಾಗಿ 15. ಇದರಲ್ಲಿ 8 ತಂಡ ಆಡೋದು ಒಂದೇ ಮ್ಯಾಚು. ನಾಲ್ಕು ತಂಡಕ್ಕೆ ಎರಡು ಮ್ಯಾಚು, ಎರಡು ತಂಡಕ್ಕೆ ಮೂರು, ಫೈನಲ್ಲಿಗೆ ಬಂದ ಇಬ್ಬರಿಗೆ ನಾಲ್ಕು. ಅಂದ್ರೆ ದುಡ್ಡು ಕೊಟ್ಟು ಬಂದವರಲ್ಲಿ ಅರ್ಧ ಜನಕ್ಕೆ ಬರೀ ಒಂದು ಗಂಟೆಯ ಆಟ. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಮ್ಯಾಚು, ಈಗಾಗಲೇ ಚೆನ್ನಾಗಿ ಆಡುವವರಿಗೆ ಜಾಸ್ತಿ. ಯಾವ ಪುಣ್ಯಾತ್ಮ ಡಿಸೈನ್ ಮಾಡಿದ ಸಿಸ್ಟಮ್ಮೋ ಇದು!

ಅದೇ 16 ತಂಡವನ್ನ ನಾಲ್ಕು ನಾಲ್ಕರ ಗುಂಪು ಮಾಡಿ ಲೀಗ್ ಆಡಿಸಿ. ಗುಂಪಿಗೆ 6 ಮ್ಯಾಚಿನಂತೆ 24, ಗುಂಪು ಗೆದ್ದವರ ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು 27. ಎಲ್ಲರಿಗೂ ಕನಿಷ್ಠ ಮೂರು ಮ್ಯಾಚು. "ಅಷ್ಟು ದಿನ ಗ್ರೌಂಡು ಯಾರು ಕೊಡ್ತಾರೆ, ಅಂಪೈರಿಗೆ ದುಡ್ಡು ಯಾರು ಕೊಡ್ತಾರೆ" ಅಂತ ಟೂರ್ನಮೆಂಟ್ ನಡೆಸುವ ಅಣ್ಣಂದಿರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅವರೂ ಕೈಯಿಂದ ದುಡ್ಡು ಹಾಕಿ, ನಿದ್ದೆ ಕೆಟ್ಟು ಮಾಡ್ತಾರೆ, ಅವರನ್ನ ಬೈಯೋದು ನನ್ನ ಉದ್ದೇಶ ಅಲ್ಲ.

ಅದಕ್ಕೊಂದು ಮಧ್ಯದ ದಾರಿ ಇದೆ, ಇದನ್ನೂ ರಗ್ಬಿಯವರೇ ತೋರಿಸಿಕೊಟ್ಟಿದ್ದಾರೆ. ಏಳೇಳು ಜನ ಆಡುವ ರಗ್ಬಿ ಸೆವೆನ್ಸ್ ಟೂರ್ನಮೆಂಟುಗಳಲ್ಲಿ ದೊಡ್ಡ ಕಪ್ಪಿನ ದಾರಿ ತಪ್ಪಿದವರಿಗೆ ಪ್ಲೇಟ್, ಬೌಲ್ ಅಂತ ಬೇರೆ ಬಹುಮಾನ ಇಟ್ಟು ಆಡಿಸುವ ಪದ್ಧತಿ ಇದೆ. ನಾವೂ ಹಾಗೇ ಮೊದಲ ಸುತ್ತಿನಲ್ಲಿ ಸೋತ 8 ತಂಡಕ್ಕೆ ಇನ್ನೊಂದು ಚಿಕ್ಕ ನಾಕ್ ಔಟ್ ಇಡಬಹುದು. ಬರೀ 7 ಮ್ಯಾಚು ಜಾಸ್ತಿ, ಒಟ್ಟು 22. ಎಂಟು ಓವರಿನ ಲೆಕ್ಕದಲ್ಲಿ ಹೆಚ್ಚೆಂದರೆ ಇನ್ನೊಂದು ದಿನ. ಬಹುಮಾನ ದೊಡ್ಡದು ಬೇಕಿಲ್ಲ, ಒಂದು ಬಾಕ್ಸು ಬಾಲು ಕೊಟ್ಟರೂ ಸಾಕು. ಆದರೆ ಬಸ್ ಹತ್ತಿ ಬಂದ ಯಾವ ತಂಡವೂ ಒಂದೇ ಮ್ಯಾಚಿಗೆ ವಾಪಸ್ ಹೋಗಲ್ಲ.

"ಮಗಾ, ನಾಕ್ ಔಟಿನ ಮಜಾನೇ ಬೇರೆ" ಅಂತ ನನ್ನ ಗೆಳೆಯನೊಬ್ಬನ ವಾದ. ಒಪ್ಪಿದೆ. 1974ರ ಸೆಮಿಫೈನಲ್ಲೂ ನಾಕ್ ಔಟೇ. ಹದಿನೈದು ವರ್ಷ ಸತತ ಗೆದ್ದಿದ್ದ ಮುಂಬಯಿಯನ್ನ ಬೆಂಗಳೂರಿನಲ್ಲಿ ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ಮನೆಗೆ ಕಳಿಸಿ, ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಕಪ್ ತಂದ್ರು. ಅಷ್ಟೇ ಯಾಕೆ, ಪೂರ್ತಿ ನಾಕ್ ಔಟ್ ಕಾಲದಲ್ಲೇ, 1941-42ರಲ್ಲಿ, ಮೈಸೂರು ಫೈನಲ್ ತನಕ ಹೋಗಿತ್ತು. ನಮ್ಮ ನವುಲೆ ಮೈದಾನದಲ್ಲಿ 2024ರ ಜನವರಿಯಲ್ಲಿ ಪ್ರಖರ್ ಚತುರ್ವೇದಿ ಮುಂಬಯಿ ಎದುರು ಔಟಾಗದೆ 404 ಹೊಡೆದು ಕರ್ನಾಟಕಕ್ಕೆ ಮೊದಲ ಕೂಚ್ ಬೆಹಾರ್ ಟ್ರೋಫಿ ತಂದಿದ್ದೂ ಫೈನಲ್ಲಿನಲ್ಲೇ. ಆದರೆ 1974ರವರಾಗಲಿ 2024ರ ಹುಡುಗರಾಗಲಿ ಆ ಕೊನೆಯ ಪಂದ್ಯಗಳಿಗೆ ಬಂದಿದ್ದು ಲೀಗ್ ಆಡಿಕೊಂಡು. ಕೊನೆಗೆ ನಾಕ್ ಔಟ್ ಇರಲಿ, ಬೇಡ ಅನ್ನೋರು ಯಾರು? ಶುರುವಿನಲ್ಲೇ ಬೇಡ ಅಂತ ನನ್ನ ವಾದ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ಉದ್ದ ಯಾಕೆ ಬರೆದೆ ಅಂದ್ರೆ, ನಮ್ಮೂರಿನ ಹುಡುಗರಿಗೆ ಈಗ ಇರೋದು ಇಷ್ಟೇ. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆ, 1936ರಲ್ಲಿ ಬಂದ ಪೇಪರ್ ಮಿಲ್ಲು, ಇವೆರಡೂ ಸೇರಿ ಬೆಂಕಿಪುರ ಅಂತಿದ್ದ ಹಳ್ಳಿಯನ್ನ ಭದ್ರಾವತಿ ಮಾಡಿದವು. ಪೇಪರ್ ಮಿಲ್ಲಿನ ಉತ್ಪಾದನೆ 2015ರಲ್ಲಿ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ನಿರ್ಧಾರ 2023ರಲ್ಲಿ ಬಂತು. ಡಿಗ್ರಿ ಮುಗಿದವರು ಬೆಂಗಳೂರು ಬಸ್ ಹತ್ತುತ್ತಾರೆ, ನಾನೂ ಹತ್ತಿದವನೇ. ಹತ್ತಲಾಗದವರಿಗೆ, ಇನ್ನೂ ಹತ್ತದವರಿಗೆ ಉಳಿದಿರೋದು ಆ ಮೈದಾನ, ಆ ಭಾನುವಾರ. ಒಂದು ಸಲ ಸೋತರೆ ಮುಗೀತು ಅಂತ ಹೇಳಿಕೊಡೋಕೆ ಪರೀಕ್ಷೆ, ಇಂಟರ್‌ವ್ಯೂ, ಕಟ್ ಆಫ್ ಎಲ್ಲ ಸಾಲಾಗಿ ನಿಂತಿವೆ. ಆಟವೂ ಅದನ್ನೇ ಹೇಳಬೇಕಾ?

ನಿಮ್ಮೂರಿನ ಟೂರ್ನಮೆಂಟಿನಲ್ಲಿ ಸೋತವರಿಗೆ ಎರಡನೇ ಮ್ಯಾಚು ಇದೆಯಾ? ಇದ್ದರೆ ಹೇಗೆ ನಡೆಸ್ತಾರೆ, ಖರ್ಚು ಹೇಗೆ ತೂಗಿಸ್ತಾರೆ ಅಂತ ಬರೀರಿ. ಈ ಬೇಸಿಗೆಗೆ ಊರಿನ ಅಣ್ಣಂದಿರ ಮುಂದೆ ಇಡೋಕೆ ನನಗೆ ಲೆಕ್ಕದ ಜೊತೆ ನಾಲ್ಕು ಉದಾಹರಣೆನೂ ಬೇಕು.