ಸೊನ್ನೆಯೂ ಒಂದು ಅಳತೆಯೇ



ನಿಮ್ಮ ಊರಿನಲ್ಲಿ ಜೋರು ಮಳೆ; ಎರಡೇ ಕಿಲೋಮೀಟರ್ ದೂರದ ಪಕ್ಕದ ಊರಿನಲ್ಲಿ ನೆಲವೂ ನೆನೆದಿಲ್ಲ. ಇಂಥದನ್ನು ನೀವು ನೋಡಿಯೇ ಇರುತ್ತೀರಿ. ಹಾಗಿರುವಾಗ ತಾಲ್ಲೂಕು ಕೇಂದ್ರದಲ್ಲಿ ಮಾತ್ರ ಅಳೆದು ‘ಇಡೀ ತಾಲ್ಲೂಕಿಗೆ ಇಷ್ಟು ಮಳೆ’ ಎಂದರೆ ಸರಿಯಾದೀತೇ?

ಸರಿಯಾಗದು. ಆದ್ದರಿಂದಲೇ ಅಳೆಯುವ ಸ್ಥಳಗಳು ಹೆಚ್ಚಾಗಬೇಕು. ನಮ್ಮ ರಾಜ್ಯದಲ್ಲಿ ಅಂಥ ಒಂದು ಜಾಲವೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಇರಿಸಿದೆ. ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಉಷ್ಣತೆ, ಗಾಳಿಯ ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕನ್ನೂ ಅಳೆಯುತ್ತವೆ. ಈ ಉಪಕರಣಗಳು ಬಿಸಿಲಿನಿಂದ ವಿದ್ಯುತ್ ಪಡೆದು, ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಮಾಹಿತಿ ಕಳಿಸುತ್ತವೆ.

‘ಯಂತ್ರವೇ ಅಳೆಯುವಾಗ ನಮಗೇನು ಕೆಲಸ?’ ಎಂದು ಕೇಳುತ್ತೀರಾ? ಕೆಲಸ ಇದೆ ಎಂಬುದೇ ನನ್ನ ಅಭಿಪ್ರಾಯ.

ಮಳೆಮಾಪಕದ ಮೇಲ್ಭಾಗದಲ್ಲಿ ಒಂದು ಆಲಿಕೆ ಇರುತ್ತದೆ. ಅದರೊಳಗೆ ಒಣ ಎಲೆಯೋ ಹಕ್ಕಿಯ ಗೂಡಿನ ಕಡ್ಡಿಯೋ ಸಿಕ್ಕಿಕೊಂಡರೆ ಮಳೆ ಸುರಿದರೂ ನೀರು ಕೆಳಗಿಳಿಯದು. ಯಂತ್ರ ‘ಸೊನ್ನೆ’ ಎಂದೇ ಕಳಿಸುತ್ತದೆ. ಅಡಿಕೆ, ಕಾಳುಮೆಣಸಿನಂಥ ಬೆಳೆಗಳಿಗೆ ಹವಾಮಾನ ಆಧಾರಿತ ವಿಮೆ ಇದೆ. ಅತಿಮಳೆಗೆ ಪರಿಹಾರ ಸಿಗುವುದು ಆ ಪಂಚಾಯಿತಿಯ ಮಳೆಯ ಅಂಕಿಯ ಮೇಲೆ. ತೋಟದಲ್ಲಿ ಕೊಳೆರೋಗ, ಲೆಕ್ಕದಲ್ಲಿ ಸೊನ್ನೆ! ನಷ್ಟ ಯಾರಿಗೆ, ನೀವೇ ಹೇಳಿ.

ಆದ್ದರಿಂದ ಪ್ರತಿ ಶಾಲೆಯಲ್ಲೂ ಒಂದು ಮಳೆಮಾಪಕ, ಒಂದು ಮಳೆ ಪುಸ್ತಕ ಇರಬೇಕು. ಖರ್ಚೇನೂ ಇಲ್ಲ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು, ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಕಟ್ಟಡಗಳಿಂದ ದೂರ, ಬಯಲಿನಲ್ಲಿ ಇಡಿ. 1 ಮಿ.ಮೀ. ಮಳೆ ಎಂದರೆ 1 ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್!

ಭಾರತದಲ್ಲಿ ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಲೆಕ್ಕ ಹಾಕುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಅಳೆದರೆ ಮಾತ್ರ ಒಂದೂರಿನ ಅಂಕಿಯನ್ನು ಇನ್ನೊಂದೂರಿನದರೊಂದಿಗೆ ಹೋಲಿಸಬಹುದು. ಶಾಲೆಯ ಹತ್ತಿರ ಮನೆ ಇರುವವರು ಸರದಿಯಂತೆ ಈ ಕೆಲಸ ವಹಿಸಿಕೊಳ್ಳಿ. ಭಾನುವಾರವೂ ಬಿಡಬೇಡಿ.

ಒಂದು ಮಾತು ನೆನಪಿಡಿ. ಮಳೆ ಬಾರದ ದಿನ ‘0’ ಎಂದು ಬರೆಯಿರಿ. ನೋಡಲು ಮರೆತ ದಿನ ‘–’ ಗೆರೆ ಹಾಕಿ. ‘ಮಳೆ ಬರಲಿಲ್ಲ’ ಎಂಬುದು ಬೇರೆ, ‘ನಾನು ನೋಡಲಿಲ್ಲ’ ಎಂಬುದು ಬೇರೆ. ಮರೆತ ದಿನಕ್ಕೆ ಊಹೆಯ ಅಂಕಿ ತುಂಬಿದರೆ ಇಡೀ ಪುಸ್ತಕದ ಮೇಲೆಯೇ ನಂಬಿಕೆ ಹೋಗುತ್ತದೆ.

ನಿಮ್ಮ ಪುಸ್ತಕದಲ್ಲಿ 40 ಮಿ.ಮೀ. ಇದ್ದು, ಅದೇ ಊರಿನ ಪಂಚಾಯಿತಿ ಮಾಪಕದ ಅಂಕಿ 0 ಇದ್ದರೆ ಸುಮ್ಮನಿರಬೇಡಿ. ನಿಮ್ಮ ಶಿಕ್ಷಕರಿಗೆ ತೋರಿಸಿ; ಅವರು ಪಂಚಾಯಿತಿಗೆ ತಿಳಿಸಲಿ. ನೀವಾಗಿಯೇ ಯಂತ್ರವನ್ನು ಮುಟ್ಟಬೇಡಿ. ಸರಿಪಡಿಸುವವರು ಬರುತ್ತಾರೆ, ಆದರೆ ತಪ್ಪಿದೆ ಎಂದು ಅವರಿಗೆ ಮೊದಲು ತಿಳಿಯಬೇಕಲ್ಲವೇ?