ಉತ್ತರ ಕೊಡದವರ ಆರೋಗ್ಯ

ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕೆಂಬುದು ನಮ್ಮಲ್ಲಿ ರೂಢಿಯ ಮಾತು. ಪ್ರಜೆಗಳ ಆರೋಗ್ಯವನ್ನು ಅಳೆಯಹೊರಟ ಸರ್ಕಾರಗಳೂ ಇದೇ ನ್ಯಾಯವನ್ನು ಅವಲಂಬಿಸಿವೆ. ಕೆಲವರನ್ನಾರಿಸಿ ಟೆಲಿಫೋನಿನ ಮೂಲಕ ಪ್ರಶ್ನಿಸಿ, ಅವರ ಉತ್ತರದಿಂದ ಎಲ್ಲರ ಸ್ಥಿತಿಯನ್ನು ನಿರ್ಣಯಿಸುತ್ತವೆ. ಆದರೆ ಪಾತ್ರೆಯ ಮೇಲಣ ಅಗುಳುಗಳು ಮಾತ್ರ ಕೈಗೆ ಸಿಕ್ಕಿ, ತಳದವು ಸಿಕ್ಕದೆಹೋದರೆ ಗತಿಯೇನು?

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ಇಂದು ಪ್ರಬಲವಾಗಿ ಎದ್ದಿದೆ. ಅಲ್ಲಿ 1984ರಲ್ಲಿ 15 ಸಂಸ್ಥಾನಗಳಲ್ಲಿ ಆರಂಭವಾದ ಟೆಲಿಫೋನ್ ಆರೋಗ್ಯ ಸಮೀಕ್ಷೆಯು ಕ್ರಮೇಣ ದೇಶವನ್ನೆಲ್ಲ ವ್ಯಾಪಿಸಿ, ವರ್ಷಂಪ್ರತಿ 4 ಲಕ್ಷಕ್ಕೂ ಮೇಲ್ಪಟ್ಟ ವಯಸ್ಕರನ್ನು ಧೂಮಪಾನ, ಮಧುಮೇಹ, ಲಸಿಕೆ ಮುಂತಾದ ವಿಷಯಗಳಲ್ಲಿ ವಿಚಾರಿಸುವಷ್ಟು ಬೆಳೆಯಿತು. ಆದರೆ 2022ರಲ್ಲಿ ಸಂಸ್ಥಾನಗಳ ಉತ್ತರ ಪ್ರಮಾಣದ ಮಧ್ಯಮಾಂಕವು ಶೇಕಡಾ 45ರಷ್ಟು ಮಾತ್ರ. ಪ್ಯೂ ಎಂಬ ಖಾಸಗಿ ಸಂಸ್ಥೆಯ ಟೆಲಿಫೋನ್ ಸಮೀಕ್ಷೆಗಳಲ್ಲಂತೂ 1997ರಲ್ಲಿ ಶೇಕಡಾ 36 ಇದ್ದ ಪ್ರಮಾಣವು 2012ಕ್ಕೆ 9ಕ್ಕೂ, 2018ಕ್ಕೆ 6ಕ್ಕೂ ಇಳಿಯಿತು. ಕಾರಣಗಳು ಗೂಢವಲ್ಲ. ವ್ಯಾಪಾರಿಗಳೂ ವಂಚಕರೂ ಹಗಲಿರುಳು ಕರೆಮಾಡಿ ಜನರ ವಿಶ್ವಾಸವನ್ನು ಕೆಡಿಸಿದ್ದಾರೆ. ಅಪರಿಚಿತ ಸಂಖ್ಯೆ ಕಂಡೊಡನೆ ಗೃಹಸ್ಥನು ಸುಮ್ಮನಾಗುತ್ತಾನೆ.

ಉತ್ತರ ಕಡಿಮೆಯಾದ ಮಾತ್ರಕ್ಕೆ ಫಲಿತಾಂಶವೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಉತ್ತರಿಸಿದವರೂ ಉತ್ತರಿಸದವರೂ ಒಂದೇ ಬಗೆಯವರಾಗಿದ್ದರೆ ಹಾನಿಯಿಲ್ಲ. ಅವರು ಭಿನ್ನರಾಗಿದ್ದರೆ ಮಾತ್ರ ಅಪಾಯ. ಸ್ಥಿರ ಟೆಲಿಫೋನನ್ನು ಬಿಟ್ಟು ಮೊಬೈಲನ್ನೇ ನಂಬಿದ ಅಮೇರಿಕನರಲ್ಲಿ ತರುಣರೂ, ಬಾಡಿಗೆ ಮನೆಯವರೂ, ಧೂಮಪಾನಿಗಳೂ ಹೆಚ್ಚೆಂದು ಕಂಡುಬಂದಿತು. ಆದುದರಿಂದಲೇ 2011ರಲ್ಲಿ ಮೊಬೈಲ್ ಸಂಖ್ಯೆಗಳನ್ನು ಆ ಆರೋಗ್ಯ ಸಮೀಕ್ಷೆಗೆ ಸೇರಿಸಿ, ಲೆಕ್ಕದ ಕ್ರಮವನ್ನೂ ತಿದ್ದಬೇಕಾಯಿತು.

ಹೆಚ್ಚು ಜನರನ್ನು ಕೇಳಿದರೆ ದೋಷ ನೀಗುವುದೆಂಬ ಭ್ರಮೆ ಕೆಲವರಲ್ಲಿದೆ. 1936ರಲ್ಲಿ ಅಲ್ಲಿಯ ಲಿಟರರಿ ಡೈಜೆಸ್ಟ್ ಪತ್ರಿಕೆಯು ಟೆಲಿಫೋನ್ ಪಟ್ಟಿ, ಮೋಟಾರು ಒಡೆಯರ ಪಟ್ಟಿ ಮುಂತಾದವುಗಳಿಂದ ಹೆಸರುಗಳನ್ನೆತ್ತಿ ಸುಮಾರು 1 ಕೋಟಿ ಚೀಟಿಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಮಿಕ್ಕು ಉತ್ತರಗಳು ಬಂದುವು. ಲ್ಯಾಂಡನ್ ಗೆಲ್ಲುವರೆಂದು ಪತ್ರಿಕೆ ಸಾರಿತು. 48 ಸಂಸ್ಥಾನಗಳ ಪೈಕಿ 46ರಲ್ಲಿ ರೂಸ್‌ವೆಲ್ಟ್ ಗೆದ್ದರು. ರಾಶಿಯ ಗಾತ್ರವು ಪಕ್ಷಪಾತಕ್ಕೆ ಔಷಧವಲ್ಲ.

ಈ ಪಾಠ ನಮಗೂ ಸಲ್ಲುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿಚಾರಕರು ಮನೆಬಾಗಿಲಿಗೆ ಹೋದರು. ಶೇಕಡಾ 98 ಕುಟುಂಬಗಳು ಉತ್ತರವಿತ್ತುವು. ಆದರೆ ಸ್ವತಃ ಬಳಸುವ ಮೊಬೈಲ್ ಇದ್ದ ಸ್ತ್ರೀಯರು ಶೇಕಡಾ 54 ಮಾತ್ರವೆಂದು ಅದೇ ಸಮೀಕ್ಷೆ ತಿಳಿಸಿತು. ವೆಚ್ಚ ಉಳಿಯುವುದೆಂದು ಮನೆಬಾಗಿಲನ್ನು ಬಿಟ್ಟು ಟೆಲಿಫೋನನ್ನೇ ಹಿಡಿದರೆ, ಬಾಣಂತಿಯ ರಕ್ತಹೀನತೆಯನ್ನು ಆಕೆಯ ಗಂಡನ ಬಾಯಿಂದ ಕೇಳಿದಂತಾದೀತು. ಅಥವಾ ಕೇಳದೆಯೇ ಉಳಿದೀತು.

ಟೆಲಿಫೋನ್ ಸಮೀಕ್ಷೆಯು ಶೀಘ್ರವಾದುದು, ಅಗ್ಗವಾದುದು. ಸಾಂಕ್ರಾಮಿಕ ಕಾಲದಲ್ಲಿ ಅನಿವಾರ್ಯವೂ ಹೌದು. ಅದನ್ನು ತ್ಯಜಿಸಬೇಕೆಂಬುದು ನಮ್ಮ ಮತವಲ್ಲ. ಆದರೆ ಪ್ರಕಟವಾಗುವ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ, ಎಷ್ಟು ಜನರನ್ನು ಕರೆಯಲಾಯಿತು, ಎಷ್ಟು ಜನರು ಉತ್ತರಿಸಿದರು ಎಂಬುದನ್ನೂ ಅಚ್ಚುಮಾಡತಕ್ಕದ್ದು. ಕರೆಯು ಜನರ ಭಾಷೆಯಲ್ಲಿ, ಅವರ ಬಿಡುವಿನ ವೇಳೆಯಲ್ಲಿ ಹೋಗಬೇಕು. ಸ್ತ್ರೀಯರನ್ನು ಸ್ತ್ರೀಯರೇ ವಿಚಾರಿಸಬೇಕು. ಉತ್ತರಿಸದವರಲ್ಲಿ ಕೆಲವರ ಮನೆಗಾದರೂ ಹೋಗಿ ನೋಡಬೇಕು. ಆಸ್ಪತ್ರೆ ಎಲ್ಲಿ ಬೇಕು, ಔಷಧ ಎಷ್ಟು ಬೇಕು ಎಂಬುದು ಈ ಅಂಕಿಗಳಿಂದ ನಿಷ್ಕರ್ಷೆಯಾಗುವಾಗ, ಲೆಕ್ಕಕ್ಕೆ ಬಾರದವನು ಚಿಕಿತ್ಸೆಗೂ ದೂರವಾಗುತ್ತಾನೆ. ಅಧಿಕಾರಿಗಳು ಇದನ್ನು ಲಕ್ಷಿಸುವರೆಂದು ನಂಬುತ್ತೇವೆ.